ಅರುವತ್ತಮೂರನೆಯ ಪತ್ರ

ಹಳೆಯ ಕಾಗದದ ಧೂಳು ಒರೆಸುವುದೆಂದರೆ ಮಲಗಿದ ಮಗುವಿನ ಮೂಗು ಒರೆಸಿದ ಹಾಗೆ. ಕೈ ಸ್ವಲ್ಪ ಬಿರುಸಾದರೂ ಮನೆಯೆಲ್ಲ ಏಳುತ್ತದೆ. ಅಡಿಟಿಪ್ಪಣಿ ಹಾಗೆ ಉಸಿರು ಬಿಗಿಹಿಡಿದು ಕೊನೆಯ ಪತ್ರವನ್ನು ಕುಂಚದಿಂದ ಒರೆಸುತ್ತಿದ್ದಾಗ ಮೊಣಕೈ ತಾಗಿ ಚಹಾದ ಲೋಟ ಮಗುಚಿಕೊಂಡಿತು.

ಅಡಿಟಿಪ್ಪಣಿ ಎನ್ನುವುದು ತಂದೆತಾಯಿ ಇಟ್ಟ ಹೆಸರಲ್ಲ. ಇನ್ನೂರು ವರ್ಷಗಳ ಹಿಂದೆ ಬಾಳಿದ್ದ ಬೆಟ್ಟದ ಗುರುಗಳು ಶಿಷ್ಯರಿಗೆ ಬರೆದ ಅರುವತ್ತೆರಡು ಪತ್ರಗಳನ್ನು ನಕಲು ಮಾಡುವುದು, ಒಂದೊಂದು ಮಾತಿಗೂ ಪುಟದ ಕೆಳಗೆ ವಿವರಣೆ ಬರೆಯುವುದು ಸಂಶೋಧನ ಮಂದಿರದಲ್ಲಿ ಅವನ ಕೆಲಸ. ಹನ್ನೆರಡು ವರ್ಷ ಅದನ್ನೇ ಮಾಡಿ ಅವನ ಅಕ್ಷರ ಗುರುಗಳ ಅಕ್ಷರದಂತೆಯೇ ಆಗಿತ್ತು, ಚಾಳಿ ಮನೆಗೂ ಬಂದಿತ್ತು. ಮೂರು ವಾರದ ಹಿಂದೆ ಹೆಂಡತಿ ನೆಂಟರ ಮುಂದೆ ತನ್ನ ಮದುವೆಯ ಕತೆ ಹೇಳುತ್ತಿದ್ದರೆ ಇವನು ಏಳು ಸಲ ನಡುವೆ ಬಾಯಿ ಹಾಕಿ ತಾರೀಖು ತಿದ್ದಿದ. ಎಂಟನೆಯ ಸಲಕ್ಕೆ ಅವಳು ಎದ್ದು ಬಟ್ಟೆ ತುಂಬಿಕೊಂಡು ತವರಿಗೆ ಹೋಗಿಬಿಟ್ಟಳು.

ಫೋನು ಮಾಡಿದರೆ ಒಂದೇ ಮಾತು: “ಬಾಯಲ್ಲಿ ಬೇಡ. ಇವತ್ತೊಂದು ಹೇಳಿ ನಾಳೆ ಪಾಠಾಂತರ ಅಂತೀರಿ. ತಪ್ಪು ನನ್ನದು ಅಂತ ಕಾಗದದಲ್ಲಿ ಬರ್ದು ಕಳ್ಸಿ. ಶುಕ್ರವಾರದ ಟಪಾಲಿಗೆ ಹಾಕ್ಲಿಲ್ವೋ, ನಾನು ಇಲ್ಲೇ ಶಾಲೇಲಿ ಟೀಚರ್ ಕೆಲಸಕ್ಕೆ ಸೇರ್ಕೋತೀನಿ.”

ಇವತ್ತು ಆ ಶುಕ್ರವಾರ. ಅಡಿಟಿಪ್ಪಣಿ ಹತ್ತೊಂಬತ್ತು ಕರಡು ಹರಿದಿದ್ದ. ಇಪ್ಪತ್ತನೆಯದನ್ನು ಗೌರವವಾಗಿ ಕಾಣಲೆಂದು ಹಳೆಯ ಪತ್ರಗಳಿಗೆ ತೇಪೆ ಹಾಕುವ ಕೈಕಾಗದದ ಮೇಲೆ, ಅದ್ದಿ ಬರೆಯುವ ಲೇಖನಿಯಲ್ಲಿ ಬರೆದು ಮೇಜಿನ ಮೇಲಿಟ್ಟಿದ್ದ. ಚಹಾ ಹರಿದದ್ದು ನೇರವಾಗಿ ಅದರ ಮೇಲೆ. ಗಾಬರಿಯಲ್ಲಿ ಅದನ್ನೆತ್ತಿ, ಗುರುಗಳ ಪತ್ರಗಳನ್ನು ಒತ್ತಿಟ್ಟಿದ್ದ ಒತ್ತುಕಾಗದಗಳ ನಡುವೆ ತೂರಿಸಿ, ಮೇಜು ಒರೆಸುವ ಬಟ್ಟೆ ತರಲು ಓಡಿದ.

ಬರುವಷ್ಟರಲ್ಲಿ ಗ್ರಂಥಪಾಲಕಿ ಆ ಪತ್ರಗಳ ಕಟ್ಟು ಬಿಚ್ಚಿ ಎಣಿಸಿ ಮುಗಿಸಿದ್ದರು.

“ಸಾರ್! ಅರುವತ್ತೆರಡಲ್ಲ, ಅರುವತ್ತಮೂರಿದೆ!” ಎಂಬ ಅವರ ಕೂಗಿಗೆ ನಿರ್ದೇಶಕರು ಒಂದು ಚಪ್ಪಲಿಯಲ್ಲೇ ಓಡಿಬಂದರು. ಹಿಂದೆಯೇ ನಿಘಂಟು ವಿಭಾಗದ ಮೇಷ್ಟ್ರು, ಭೂತಗನ್ನಡಿ ಹಿಡಿದುಕೊಂಡು.

“ಕಲೆ ನೋಡಿ ಸಾರ್, ನೂರಾರು ವರ್ಷದ್ದು,” ಎಂದರು ಗ್ರಂಥಪಾಲಕಿ.

“ಅಕ್ಕಾ, ಅದು ಚಹಾ. ಇನ್ನೂ ಬಿಸಿ ಇದೆ,” ಎಂದ ಅಡಿಟಿಪ್ಪಣಿ.

“ನೀವು ಸುಮ್ನಿರಿ. ಕೈಬರಹ ನೋಡಿ, ಸಾಕ್ಷಾತ್ ಗುರುಗಳದ್ದೇ!”

ನಿರ್ದೇಶಕರು ಭಕ್ತಿಯಿಂದ ಓದಿದರು: “ನೀನು ಹೋದ ಮೇಲೆ ಹಾಲು ದಿನಾ ಉಕ್ಕುತ್ತದೆ. ಗ್ಯಾಸ್ ಮುಗಿದಿದೆ. ಬೀಗದ ಕೈ ಎಲ್ಲಿಟ್ಟಿದ್ದೀಯೋ ತಿಳಿಯದು. ನಿನಗೆ ಕೋಪ ಜಾಸ್ತಿ ಎಂದು ಜನ ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ತಪ್ಪು ನನ್ನದೇ. ನೀನಿಲ್ಲದೆ ಮನೆ ನೆಮ್ಮದಿಯಾಗಿದೆ ಎಂದು ನಟಿಸುತ್ತಿದ್ದೇನೆ. ನಿನ್ನ ಮಾತು ತಿದ್ದುವುದನ್ನು ಬಿಡು... ಇಲ್ಲಿ ಕಲೆ. ಆಮೇಲೆ, ದಯಮಾಡಿ ಬಂದುಬಿಡು. ನಿನ್ನ ಗಂಡ.”

ನಿರ್ದೇಶಕರು ಕಾಗದವನ್ನು ಕಣ್ಣಿಗೊತ್ತಿಕೊಂಡರು.

“ಹಾಲು ಅಂದ್ರೆ ಆನಂದ,” ಎಂದರು ಮೇಷ್ಟ್ರು ಕಣ್ಣೊರೆಸಿಕೊಳ್ಳುತ್ತ. “ಬೀಗದ ಕೈ ಅಂದ್ರೆ ಮೋಕ್ಷ.”

“ಮತ್ತೆ ಗ್ಯಾಸ್?” ಎಂದ ಅಡಿಟಿಪ್ಪಣಿ ಆಸೆಯಿಂದ. “ಇನ್ನೂರು ವರ್ಷದ ಹಿಂದೆ ಗ್ಯಾಸ್ ಎಲ್ಲಿತ್ತು ಮೇಷ್ಟ್ರೇ?”

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗ್ರಂಥಪಾಲಕಿಯ ತೋಳಿನ ಮೇಲೆ ರೋಮ ಎದ್ದು ನಿಂತಿತು.

“ಭವಿಷ್ಯ!” ಎಂದರು ಅವರು. “ಮುಂದೆ ಗ್ಯಾಸ್ ಬರುತ್ತೆ ಅಂತಷ್ಟೇ ಅಲ್ಲ, ಮುಗಿಯುತ್ತೆ ಅನ್ನೋದೂ ಗುರುಗಳಿಗೆ ಗೊತ್ತಿತ್ತು! ನಮ್ಮನೇಲಿ ನಿನ್ನೇನೇ ಮುಗೀತು ಸಾರ್!”

ಅಡಿಟಿಪ್ಪಣಿ ನಾಚಿಕೆ ಬಿಟ್ಟ. “ಸಾರ್, ಅದು ನನ್ನ ಹೆಂಡ್ತಿಗೆ ನಾನು ಬರ್ದ ಕಾಗದ. ಇವತ್ತು ಹೋಗ್ದಿದ್ರೆ ನನ್ನ ಸಂಸಾರ ಮುಗೀತು. ಕೊಡಿ.”

ನಿರ್ದೇಶಕರು ಅವನ ಬೆನ್ನು ಸವರಿದರು. “ಹೀಗಾಗುತ್ತಪ್ಪಾ. ಹನ್ನೆರಡು ವರ್ಷ ಗುರುಗಳ ಜೊತೆ ಇದ್ದೀಯ. ನನಗೂ ಒಂದ್ಸಲ ಮೂರನೇ ಸಂಪುಟ ಪೂರ್ತಿ ನಾನೇ ಬರ್ದದ್ದು ಅನ್ನಿಸಿಬಿಟ್ಟಿತ್ತು. ಎರಡು ದಿನ ರಜೆ ಹಾಕಿ ಮಲಗಿದೆ, ಸರಿಹೋಯ್ತು.”

“ಬೇಕಾದ್ರೆ ಪರೀಕ್ಷೆ ಮಾಡಿ!” ಎಂದು ಅಡಿಟಿಪ್ಪಣಿ ಪೆನ್ನು ಕಿತ್ತುಕೊಂಡು ಪತ್ರದ ಮೊದಲ ಸಾಲನ್ನು ಅವರ ಕಣ್ಣೆದುರೇ ಬರೆದ. ಅಕ್ಷರಕ್ಕೆ ಅಕ್ಷರ ಒಂದೇ ಅಚ್ಚು.

ಮೇಷ್ಟ್ರು ಭೂತಗನ್ನಡಿ ಆಡಿಸಿ ತಲೆದೂಗಿದರು. “ಶಹಭಾಸ್! ಗುರುಗಳ ಕೈಬರಹವನ್ನ ಎಷ್ಟು ಚೆನ್ನಾಗಿ ಅನುಕರಿಸ್ತಾನೆ ನೋಡಿ. ಮೂಲ ಎದುರಿಗಿದ್ದದ್ದಕ್ಕೇ ಸಾಧ್ಯವಾಯ್ತು.”

ಕಾಗದ ಕಬ್ಬಿಣದ ಪೆಟ್ಟಿಗೆ ಸೇರಿತು. ಬೀಗ ಬಿತ್ತು.

ಅಡಿಟಿಪ್ಪಣಿ ಕುರ್ಚಿಯಲ್ಲಿ ಕುಸಿದ. ಆಗ ನಿರ್ದೇಶಕರು ಹೇಳಿದ ಮಾತು ಅವನ ಕಿವಿಗೆ ತಂಪಾಗಿ ಬಿತ್ತು: “ನಿಯಮದ ಪ್ರಕಾರ ಹೊಸ ಪತ್ರ ಸಿಕ್ಕ ದಿನವೇ ಶುದ್ಧಪ್ರತಿ ಹೊರಗಿನ ಪರೀಕ್ಷಕರಿಗೆ ಹೋಗ್ಬೇಕು. ನಿಮ್ಮ ಮಾವನವರಿಗೇ ಕಳ್ಸೋಣ. ನಾಲ್ಕೂವರೆ ಟಪಾಲಿಗೆ ಸಿದ್ಧ ಮಾಡು.”

ಹೊರಗಿನ ಪರೀಕ್ಷಕರು ಅಡಿಟಿಪ್ಪಣಿಯ ಮಾವನೇ ಆಗಿದ್ದರು. ಅವನಿಗೆ ಕೆಲಸವೂ ಹೆಂಡತಿಯೂ ಒಂದೇ ಮನೆಯಿಂದ ಸಿಕ್ಕಿದ್ದು. ಮಾವನವರಿಗೆ ಈಗ ಕಣ್ಣು ಮಂಜು. ಬಂದ ಕಾಗದವನ್ನೆಲ್ಲ ಮಗಳೇ ಗಟ್ಟಿಯಾಗಿ ಓದಿ ಹೇಳುವುದು. ಅಂದರೆ ತನ್ನ ಮಾತು ತನ್ನ ಅಕ್ಷರದಲ್ಲೇ ಹೆಂಡತಿಯ ಕೈಗೆ! ಹೋದ ಜೀವ ಬಂದ ಹಾಗಾಯಿತು. “ಈಗಲೇ ಬರೀತೀನಿ ಸಾರ್!” ಎಂದು ತೋಳು ಮಡಚಿದ.

“ತಡಿ, ಮೊದಲು ಪಾಠ ಶುದ್ಧ ಮಾಡೋಣ,” ಎಂದರು ನಿರ್ದೇಶಕರು. “‘ನಿನ್ನ ಗಂಡ’ ಅಂತ ಇದೆಯಲ್ಲ, ಗುರುಗಳು ಬ್ರಹ್ಮಚಾರಿಗಳು. ಯಾರೋ ಆಮೇಲೆ ಸೇರಿಸಿದ್ದು. ತೆಗಿ.”

“‘ತಪ್ಪು ನನ್ನದೇ’, ಇದೂ ಸೇರಿಸಿದ್ದೇ,” ಎಂದರು ಮೇಷ್ಟ್ರು. “ಅರುವತ್ತೆರಡು ಪತ್ರದಲ್ಲಿ ಗುರುಗಳು ಒಂದು ಕಡೆಯಾದ್ರೂ ತಪ್ಪೊಪ್ಪಿಕೊಂಡಿದ್ದಾರಾ?”

“ಇಲ್ಲ, ಆದ್ರೆ...”

“ತೆಗಿ,” ಎಂದರು ನಿರ್ದೇಶಕರು. “‘ಜನ ಹೇಳುತ್ತಾರೆ, ನಾನು ಒಪ್ಪುವುದಿಲ್ಲ’, ಛೆ, ಗುರುಗಳು ಜನರ ಹಿಂದೆ ಅವಿತು ಮಾತಾಡೋರಲ್ಲ. ‘ನಿನಗೆ ಕೋಪ ಜಾಸ್ತಿ’, ಅಷ್ಟೇ. ನೇರ ಮಾತು.”

“ನಟಿಸೋರೂ ಅಲ್ಲ,” ಎಂದರು ಗ್ರಂಥಪಾಲಕಿ. “‘ನೀನಿಲ್ಲದೆ ಮನೆ ನೆಮ್ಮದಿಯಾಗಿದೆ.’ ಎಂಥ ವೈರಾಗ್ಯ!”

“ಕಲೆ ಬಿದ್ದ ಜಾಗ ಏನು ಮಾಡೋಣ?” ಎಂದರು ನಿರ್ದೇಶಕರು.

“ತಿದ್ದುವುದನ್ನು ಗುರುಗಳು ಬಿಟ್ರೆ ಶಿಷ್ಯರ ಗತಿಯೇನು?” ಎಂದರು ಮೇಷ್ಟ್ರು. “‘ಬಿಡುವುದಿಲ್ಲ’ ಅಂತ ತುಂಬಿ. ‘ಬಂದುಬಿಡು’ ತೆಗೀರಿ. ಜನ ತಾವಾಗೇ ಬೆಟ್ಟ ಹತ್ತಿ ಬರ್ತಿದ್ರು. ಗುರುಗಳು ಯಾರನ್ನೂ ಕರೆದವರಲ್ಲ.”

ಅಡಿಟಿಪ್ಪಣಿ ಅತ್ತ, ಬೇಡಿದ, ಕೊನೆಗೆ ಗಡಿಯಾರ ನೋಡಿ ಬರೆಯಲು ಕೂತ. ತಲೆಯೊಳಗೆ ಒಂದು ಉಪಾಯ ಹೊಳೆದಿತ್ತು. ನಲವತ್ತು ಟಿಪ್ಪಣಿ ಬರೆದು, ನಲವತ್ತೊಂದನೆಯದಾಗಿ ಇರುವೆಯಂಥ ಅಕ್ಷರದಲ್ಲಿ ಸೇರಿಸಿದ: ‘ಮೇಲಿನದೆಲ್ಲ ಸುಳ್ಳು. ತಪ್ಪು ನನ್ನದೇ. ಬಂದುಬಿಡು.’

ಭೂತಗನ್ನಡಿ ಅದನ್ನೂ ಹಿಡಿಯಿತು.

“ಈ ಟಿಪ್ಪಣಿಗೆ ಆಧಾರ ಎಲ್ಲಿದೆ?” ಎಂದರು ನಿರ್ದೇಶಕರು.

“ನನ್ನ ಎದೇಲಿದೆ ಸಾರ್.”

“ಅಪ್ರಕಟಿತ ಮೂಲ. ಹೊಡೆದುಹಾಕು. ಬೇರೆ ಹಾಳೇಲಿ ಅಚ್ಚುಕಟ್ಟಾಗಿ ಬರಿ. ಕೆಳಗೆ ಮಾಮೂಲಿ ಘೋಷಣೆ ಹಾಕಿ ರುಜು ಮಾಡು.”

ಮಾಮೂಲಿ ಘೋಷಣೆ ಸಂಶೋಧನ ಮಂದಿರದ ಹೆಮ್ಮೆ. ಅಡಿಟಿಪ್ಪಣಿ ಬರೆದ: ‘ಇದನ್ನು ನಾನು ಸ್ವಂತ ಕೈಯಲ್ಲಿ, ಪೂರ್ಣ ಎಚ್ಚರದಲ್ಲಿ ಬರೆದಿದ್ದೇನೆ. ಒಂದೊಂದು ಮಾತಿಗೂ ನಾನೇ ಹೊಣೆ.’ ರುಜು ಹಾಕಿದ.

ಟಪಾಲಿನವನು ಲಕೋಟೆಯ ಮೇಲಿನ ವಿಳಾಸ ಓದಿ, ಹಲ್ಲು ಕಿರಿದು, ಅರಗಿನ ಮುದ್ರೆಯನ್ನು ಒತ್ತಿ ಒತ್ತಿ ಹಾಕಿದ.

“ಅಂತೂ ಬರೆದ್ರಲ್ಲ ಸಾರ್! ಮೂರು ವಾರದಿಂದ ಕಾಯ್ತಿದ್ದೆ. ಯೋಚನೆ ಮಾಡ್ಬೇಡಿ, ರಿಜಿಸ್ಟರ್ ಮಾಡಿಸ್ತೀನಿ. ಬೆಳಿಗ್ಗೆ ಹತ್ತಕ್ಕೆಲ್ಲ ಅಕ್ಕನವರ ಕೈಲಿರುತ್ತೆ,” ಎಂದು ಸೈಕಲ್ ಹತ್ತಿ ಹೊರಟೇಬಿಟ್ಟ.