ಅಳಿಸಲು ಅನುಮತಿ ಕೋರಿ

ಕಾಗದ ಉಳಿತಾಯವಾಗಲಿ ಎಂದು ನಮ್ಮ ಇಡೀ ಕಚೇರಿಗೆ ಒಂದು ಇ-ಮೇಲ್ ಬಾಕ್ಸು ಬಂತು. ಅಂದಿನಿಂದ ವಾರಕ್ಕೊಂದಾದರೂ ಫಜೀತಿ ನಡೆಯುತ್ತಲೇ ಇದೆ. ನಗಬೇಕೋ ಅಳಬೇಕೋ ತಿಳಿಯದೆ ನಾನು ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿಕೊಂಡು ಬಂದಿದ್ದೇನೆ.

ನಮ್ಮದು ಚಿತ್ರದುರ್ಗದ ಒಂದು ಜಿಲ್ಲಾ ಕಚೇರಿ. ಯಾವ ಇಲಾಖೆ ಎಂದು ಕೇಳಬೇಡಿ, ಹೇಳಿದರೆ ಅದಕ್ಕೂ ಒಂದು ಸ್ಪಷ್ಟೀಕರಣ ಕೊಡಬೇಕಾಗುತ್ತದೆ. ನಮ್ಮ ಕೆಳಗೆ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಕಚೇರಿಗಳು, ಮೇಲೆ ದಾವಣಗೆರೆಯ ಕಚೇರಿ. ನಾನು ಆಗ ಅಲ್ಲಿ ಗುಮಾಸ್ತೆ. ಮನೆ ಇರುವುದು ಹೊಳಲ್ಕೆರೆಯಲ್ಲಿ. ಬೆಳಿಗ್ಗೆ ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ಮಗಳು ಏಳುವ ಮೊದಲೇ ಮನೆ ಬಿಡುತ್ತಿದ್ದೆ. ಅವಳು ಯೂನಿಫಾರಂ ಹಾಕಿಕೊಂಡು ಶಾಲೆಗೆ ಹೊರಡುವುದನ್ನು ನಾನು ನೋಡುತ್ತಿದ್ದುದು ಅವಳ ಅಜ್ಜಿ ಕಳಿಸುವ ಫೋಟೋದಲ್ಲಿ. ಹೊಳಲ್ಕೆರೆಗೆ ವರ್ಗ ಮಾಡಿ ಎಂದು ಅರ್ಜಿ ಹಾಕಿ ಎರಡು ವರ್ಷ ಕಾದಿದ್ದೆ. ಆ ಅರ್ಜಿಗೆ ಬರುವ ಉತ್ತರವೂ ಇದೇ ಮೇಲ್‌ನಲ್ಲೇ ಬರಬೇಕಿತ್ತು. ನನ್ನ ಸಂಕಟವೆಲ್ಲ ಅಲ್ಲಿಂದಲೇ ಶುರು.

ಎರಡನೇ ಪುಟ

ಒಂದು ದಿನ ಸಾಹೇಬರು ಗಾಬರಿಯಿಂದ ನನ್ನನ್ನು ಕರೆದರು. "ಏನ್ರೀ ಇದು, ಹೋದ ತಿಂಗಳ ಮೇಲ್ ಎಲ್ಲ ಮಾಯ ಆಗೈತೆ! ಯಾರೋ ಕದ್ದವ್ರೆ!"

ನಾನು ಹೋಗಿ ನೋಡಿದೆ. ಪರದೆಯ ಮೂಲೆಯಲ್ಲಿ ಒಂದು ಸಣ್ಣ ಬಾಣದ ಗುರುತಿತ್ತು. ಒತ್ತಿದೆ. ಎರಡನೇ ಪುಟ ತೆರೆಯಿತು. ಹೋದ ತಿಂಗಳದ್ದೆಲ್ಲ ಅಲ್ಲೇ ತಣ್ಣಗೆ ಕೂತಿತ್ತು. ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು.

"ಹಂಗಾದ್ರೆ ಇದರ ಹಿಂದೆ ಇನ್ನೂ ಪುಟ ಅವೇನ್ರೀ?"

"ಅವೆ ಸಾರ್. ಇನ್ನೂರು ಚಿಲ್ರೆ."

ಅವರು ಕುರ್ಚಿಗೆ ಒರಗಿಕೊಂಡರು. ಅಷ್ಟು ದಿನ ಅವರು ಮೊದಲ ಪುಟದಲ್ಲಿ ಕಂಡದ್ದಕ್ಕೆ ಮಾತ್ರ ಉತ್ತರ ಕೊಡುತ್ತಿದ್ದರು. ಕೆಳಗೆ ಜಾರಿ ಕಣ್ಮರೆಯಾದದ್ದು ತಾನಾಗಿಯೇ ವಿಲೇವಾರಿ ಆಯಿತು ಎಂದು ನಂಬಿ ನೆಮ್ಮದಿಯಾಗಿದ್ದರು. ಮರುದಿನವೇ ನನ್ನನ್ನು ಮೇಲ್ ಸ್ವಚ್ಛತೆಯ ನೋಡಲ್ ಅಧಿಕಾರಿ ಎಂದು ನೇಮಿಸಿ ಆದೇಶ ಹೊರಡಿಸಿದರು. ನನಗೆ ಬಾಣ ಒತ್ತುವುದರ ಹೊರತು ಬೇರೇನೂ ಗೊತ್ತಿರಲಿಲ್ಲ.

ಆದೇಶ ನನಗೆ ಮೇಲ್‌ನಲ್ಲೇ ಬಂತು. ನಾನು ನೋಡುವಷ್ಟರಲ್ಲಿ ಅದೂ ಎರಡನೇ ಪುಟಕ್ಕೆ ಹೋಗಿತ್ತು.

ಸೀಲು

ಟಪಾಲು ಒಯ್ಯುವವರೊಬ್ಬರಿದ್ದಾರೆ, ನಿವೃತ್ತಿಗೆ ಹತ್ತಿರದವರು. ನಾವೆಲ್ಲ ಅವರನ್ನು ಟಪಾಲಣ್ಣ ಎನ್ನುತ್ತೇವೆ. ಮೇಲ್ ಬಂದಮೇಲೆ ಇವರಿಗೆ ಕೆಲಸ ಇರಬಾರದು ತಾನೇ? ಆದರೆ ದಿನಾ ಬೆಳಿಗ್ಗೆ ಚೀಲ ಹೆಗಲಿಗೇರಿಸಿ ಹಿರಿಯೂರು ಬಸ್ಸಿಗೆ ಹೊರಡುತ್ತಿದ್ದರು. ಒಂದು ದಿನ ತಡೆದು ಚೀಲ ಬಿಚ್ಚಿಸಿದೆ. ನಾನು ಹಿಂದಿನ ದಿನ ಹಿರಿಯೂರಿಗೆ ಕಳಿಸಿದ್ದ ಮೇಲ್‌ಗಳ ಪ್ರಿಂಟು ಅದರ ತುಂಬ ಇತ್ತು.

"ಅಣ್ಣಾ, ಇದು ನಿನ್ನೇನೇ ಹೋಗಿದೆಯಲ್ಲ?"

"ಹೋಗೈತೆ ಮೇಡಮ್ಮೋರೆ. ಆದ್ರೆ ಮುಟ್ಟೈತೆ ಅನ್ನಾಕೆ ಸೀಲು ಎಲ್ಲೈತೆ? ಕಂಪ್ಯೂಟ್ರು ಸೀಲು ಒತ್ತಲ್ಲ."

ವಿಚಾರಿಸಿದರೆ ವ್ಯವಸ್ಥೆ ಬಹಳ ಪಕ್ಕಾ ಇತ್ತು. ಇಲ್ಲಿಂದ ಮೇಲ್ ಹೋದ ಕೂಡಲೇ 'ಮೇಲ್ ಹಾಕೀವಿ, ನೋಡ್ರಿ' ಎಂದು ಫೋನು. ಹಿರಿಯೂರಿನವರು ತೆರೆದು ಒಂದು ಪ್ರಿಂಟು ತೆಗೆಯುತ್ತಾರೆ. ಟಪಾಲಣ್ಣ ನಮ್ಮ ಪ್ರಿಂಟು ಒಯ್ಯುತ್ತಾರೆ. ಎರಡನ್ನೂ ಅಲ್ಲಿಯವರು ಅಕ್ಕಪಕ್ಕ ಇಟ್ಟು, ಸರಿ ಇದೆಯೆಂದು ನೋಡಿ, ನಮ್ಮದರ ಮೇಲೆ ಸೀಲು ಒತ್ತುತ್ತಾರೆ. ಆ ಸೀಲಿನ ಪ್ರತಿಯನ್ನು ಇಲ್ಲಿಗೆ ತಂದು ಸ್ಕ್ಯಾನ್ ಮಾಡಿ ಅವರಿಗೆ ಮೇಲ್ ಮಾಡುವುದು.

"ಇನ್ನು ಮೇಲೆ ಇದೆಲ್ಲ ಬೇಡ ಅಣ್ಣಾ," ಎಂದು ಆದೇಶ ಬರೆದೆ. ಟಪಾಲಣ್ಣನ ಮುಖ ಸಪ್ಪಗಾಯಿತು. ಮಾರನೆಯ ದಿನ ಮತ್ತೆ ಚೀಲ ಹೆಗಲಿಗೇರಿಸಿ ಹೊರಟಿದ್ದರು.

"ಅಣ್ಣಾ, ಬೇಡ ಅಂದಿದ್ದೆನಲ್ಲ?"

"ಅದಕ್ಕೇ ಹೊಂಟೀನಿ ಮೇಡಮ್ಮೋರೆ. ನಿಮ್ಮ ಆದೇಶ ಅವರಿಗೆ ಮುಟ್ಟೈತೆ ಅಂತ ಸೀಲು ಬೇಕಲ್ರಿ!"

ಸ್ವೀಕರಿಸಲಾಗಿದೆ

ನಮ್ಮ ಜಿಲ್ಲೆಯಲ್ಲಿ ಮೇಲ್ ಬಂದರೆ ಸುಮ್ಮನಿರುವುದು ಅಗೌರವ. ಯಾರು ಯಾರಿಗೆ ಏನೇ ಕಳಿಸಲಿ, ಎಲ್ಲ ಕಚೇರಿಯವರೂ ಎಲ್ಲರಿಗೂ ಕಾಣುವಂತೆ 'ಸ್ವೀಕರಿಸಲಾಗಿದೆ, ವಂದನೆಗಳು' ಎಂದು ಉತ್ತರಿಸುತ್ತಾರೆ. ಆ ಉತ್ತರ ಸ್ವೀಕರಿಸಿದ್ದಕ್ಕೆ ಇನ್ನೊಂದು ಸುತ್ತು. ಮದುವೆ ಮನೆಯ ಬಾಗಿಲಲ್ಲಿ 'ನೀವು ಮೊದಲು, ನೀವು ಮೊದಲು' ಎಂದು ನಿಂತುಬಿಡುತ್ತಾರಲ್ಲ, ಆ ಕಥೆ.

'ಅನಗತ್ಯವಾಗಿ ಸ್ವೀಕರಿಸಲಾಗಿದೆ ಎಂದು ಉತ್ತರಿಸಬಾರದು' ಎಂದು ಎಲ್ಲರಿಗೂ ಕಟ್ಟುನಿಟ್ಟಾಗಿ ಬರೆದೆ. ಮಧ್ಯಾಹ್ನದೊಳಗೆ ಮೂರು ತಾಲ್ಲೂಕಿನಿಂದಲೂ 'ಸ್ವೀಕರಿಸಲಾಗಿದೆ' ಬಂತು. ನನಗೆ ತಲೆ ಕೆಟ್ಟು ಹೊಸದುರ್ಗದ ಸೂಪರಿಂಟೆಂಡೆಂಟರಿಗೆ ಫೋನ್ ಮಾಡಿದೆ.

"ಉತ್ತರ ಬೇಡ ಅಂತಲೇ ಬರೆದಿದ್ದೆ ಸಾರ್."

"ಒಪ್ಕಂಡೀವಲ್ರಿ ಮೇಡಂ! ಒಪ್ಕಂಡೀವಿ ಅಂತ ತಿಳಿಸದಿದ್ರೆ ನಿಮಗೆ ಹೆಂಗ್ ಗೊತ್ತಾಗ್ಬೇಕು?"

ಫೋನ್ ಇಟ್ಟೆ. ಕೊನೆಗೆ, 'ಸ್ವೀಕರಿಸಲಾಗಿದೆ' ಎಂಬ ಪದ ಇರುವ ಮೇಲ್ ಯಾವುದೇ ಬಂದರೂ ನೇರ ಕಸದ ಬುಟ್ಟಿಗೆ ಹೋಗಲಿ ಎಂದು ಕಂಪ್ಯೂಟರಿಗೆ ತಾಕೀತು ಮಾಡಿದೆ. ಬಾಕ್ಸು ಎರಡು ದಿನ ಎಷ್ಟು ಶಾಂತವಾಗಿತ್ತೆಂದರೆ, ಇಂಟರ್‌ನೆಟ್ ಕೆಟ್ಟಿದೆ ಎಂದು ಸಾಹೇಬರು ದೂರು ಕೊಟ್ಟುಬಿಟ್ಟರು.

ಪಟ್ಟಿ

ಹೊಸ ಕಸ ನಿಂತರೂ ಹಳೆಯದು ಹಾಗೇ ಇತ್ತು. 'ಜಾಗ ಮುಗಿಯುತ್ತಾ ಬಂದಿದೆ' ಎಂದು ಕಂಪ್ಯೂಟರ್ ಕೆಂಪಗೆ ಬರೆಯತೊಡಗಿತು. ದೊಡ್ಡ ಲಗತ್ತಿನ ಮೇಲ್ ಬಂದರೆ ಒಳಗೆ ಬಿಡದೆ ವಾಪಸ್ ಕಳಿಸುತ್ತಿತ್ತು. ಹಳೆಯ ಹಬ್ಬದ ಶುಭಾಶಯಗಳನ್ನಾದರೂ ಅಳಿಸೋಣ ಎಂದು ಸಾಹೇಬರನ್ನು ಕೇಳಿದೆ. ಅವರು ಬೆಚ್ಚಿಬಿದ್ದರು.

"ದಾಖಲೆ ಕಣ್ರೀ! ನಾಳೆ ಯಾರಾದ್ರೂ ಕೇಳಿದ್ರೆ? ದಾವಣಗೆರೆ ಅನುಮತಿ ಇಲ್ದೆ ಒಂದನ್ನೂ ಮುಟ್ಟಂಗಿಲ್ಲ."

ಅನುಮತಿ ಬೇಕಾದರೆ ಅಳಿಸುವ ಮೇಲ್‌ಗಳ ಪಟ್ಟಿ ಬೇಕು. ಪ್ರತಿಯೊಂದಕ್ಕೂ ಕ್ರಮಸಂಖ್ಯೆ, ಯಾರಿಂದ ಬಂತು, ಏಕೆ ಅನಗತ್ಯ. 'ಸಂಕ್ರಾಂತಿ ಶುಭಾಶಯ, ಹಬ್ಬ ಮುಗಿದಿರುವುದರಿಂದ ಅನಗತ್ಯ' ಎಂದು ಬರೆದೂ ಬರೆದೂ ನನ್ನ ಕೈ ಬಿದ್ದುಹೋಯಿತು. ಪಟ್ಟಿ ಮುನ್ನೂರು ಹಾಳೆ ಆಯಿತು. ಪ್ರತಿ ಹಾಳೆಗೂ ಸಾಹೇಬರು ಸಹಿ ಹಾಕಿದರು. ಸೀಲು ಸ್ಪಷ್ಟ ಕಾಣಲಿ ಎಂದು ಬಣ್ಣದಲ್ಲಿ ಸ್ಕ್ಯಾನ್ ಮಾಡಿಸಿದರು. 'ಅಳಿಸಲು ಅನುಮತಿ ಕೋರಿ' ಎಂಬ ವಿಷಯದಡಿ ಅದನ್ನು ಕಂತು ಕಂತಾಗಿ ದಾವಣಗೆರೆಗೆ ಕಳಿಸಿದೆವು. ಉತ್ತರವಿಲ್ಲ. ಸಾಹೇಬರು ಜ್ಞಾಪನ ಕಳಿಸಲು ಹೇಳಿದರು. ಪ್ರತಿ ಜ್ಞಾಪನಕ್ಕೂ ಪೂರ್ತಿ ಪಟ್ಟಿ ಮತ್ತೊಮ್ಮೆ ಲಗತ್ತಿಸಿದೆ.

ಒಟ್ಟು ನಾಲ್ಕು ಜ್ಞಾಪನ. ನಮ್ಮ ಬಾಕ್ಸು ಖಾಲಿ ಮಾಡುವ ಕೆಲಸದಲ್ಲಿ ಅದರಲ್ಲಿ ಉಳಿದಿದ್ದ ಜಾಗವೂ ಬಹುತೇಕ ಮುಗಿಯಿತು.

ಐದೂವರೆಯೊಳಗೆ

ಅದೊಂದು ಗುರುವಾರ. ಬೆಳಿಗ್ಗೆಯೇ ಹೊಸದುರ್ಗದ ಸೂಪರಿಂಟೆಂಡೆಂಟರ ಫೋನು. "ಸ್ವೀಟು ಯಾವಾಗ ಮೇಡಂ?" ನನ್ನ ಪಟ್ಟಿಯ ಕೀರ್ತಿ ಹೊಸದುರ್ಗದವರೆಗೂ ಹೋಗಿದೆಯಲ್ಲ ಎಂದು ಹಿಗ್ಗಿ, "ಎಲ್ಲ ನಿಮ್ಮ ಸಹಕಾರ ಸಾರ್" ಎಂದೆ. ಹೊಳಲ್ಕೆರೆ ಕಚೇರಿಯಿಂದಲೂ ಒಬ್ಬರು, "ನಿಮಗೆ ಕಿಟಕಿ ಪಕ್ಕದ ಮೇಜು ಆಗ್ತೈತಾ?" ಎಂದು ಕೇಳಿದರು. ಏನೂ ಅರ್ಥವಾಗದೆ ಆಗಲಿ ಎಂದೆ.

ಮಧ್ಯಾಹ್ನ ಎರಡೂವರೆಗೆ ಟಪಾಲಣ್ಣ ಹಿರಿಯೂರಿನಿಂದ ಬಂದರು. ನಾನು ಬೇಡವೆಂದರೂ ಅವರ ಸೀಲಿನ ಯಾತ್ರೆ ನಿಂತಿರಲಿಲ್ಲ. ಚೀಲದಿಂದ ಒಂದು ಹಾಳೆ ತೆಗೆದು ಮುಂದಿಟ್ಟರು. "ಹಿರಿಯೂರಿನೋರು ನಿಮಗೆ ಒಳ್ಳೇದಾಗ್ಲಿ ಅಂದ್ರು ಮೇಡಮ್ಮೋರೆ. ಸೀಲು ಒತ್ತಿಸ್ಕಂಡು ಬಂದೀನಿ."

ಓದಿದೆ. ಎರಡು ದಿನದ ಹಿಂದೆ ದಾವಣಗೆರೆಯಿಂದ ಎಲ್ಲರಿಗೂ ಬಂದ ಮೇಲ್‌ನ ಪ್ರಿಂಟು. ಹೊಳಲ್ಕೆರೆಯಲ್ಲಿ ಹುದ್ದೆ ಖಾಲಿ ಇದೆ, ಅದು ನನಗೆ, ನನ್ನ ಲಿಖಿತ ಒಪ್ಪಿಗೆ ಗುರುವಾರ ಸಂಜೆ ಐದೂವರೆಯೊಳಗೆ ತಲುಪದಿದ್ದರೆ ಪಟ್ಟಿಯಲ್ಲಿ ಮುಂದಿನವರಿಗೆ. ಓಡಿಹೋಗಿ ಕಂಪ್ಯೂಟರ್ ತಡಕಿದೆ. ಲಗತ್ತು ದೊಡ್ಡದೆಂದು ನಮ್ಮ ಬಾಕ್ಸು ಅದನ್ನು ಬಾಗಿಲಿಂದಲೇ ಓಡಿಸಿತ್ತು. ಮೂರು ತಾಲ್ಲೂಕಿನವರು 'ಸ್ವೀಕರಿಸಲಾಗಿದೆ' ಎಂದು ಕಳಿಸಿದ್ದ ಉತ್ತರಗಳ ಕೆಳಗೆ ಆ ಪತ್ರವಿಡೀ ಇತ್ತು. ಅವುಗಳನ್ನು ನಾನೇ ಕಸದ ಬುಟ್ಟಿಗೆ ಕಳಿಸಿದ್ದೆ. ನನ್ನ ಮೇಲೆ ನನಗೇ ಅಷ್ಟು ಕೋಪ ಎಂದೂ ಬಂದಿರಲಿಲ್ಲ.

ಒಪ್ಪಿಗೆ ಟೈಪು ಮಾಡಿ ಮೇಲ್ ಹಾಕಿದೆ. ಕ್ಷಣದಲ್ಲೇ ತಿರುಗಿ ಬಂತು. ದಾವಣಗೆರೆಯ ಬಾಕ್ಸಿನಲ್ಲಿ ಜಾಗವಿಲ್ಲ. ಅಲ್ಲಿನ ಗುಮಾಸ್ತರಿಗೆ ಫೋನ್ ಮಾಡಿದೆ.

"ಸಾರ್, ನಿಮ್ಮ ಬಾಕ್ಸು ತುಂಬಿದೆ. ಏನಾದ್ರೂ ಅಳಿಸಿ ಸಾರ್, ದಮ್ಮಯ್ಯ!"

"ತುಂಬಿರೋದೇ ನಿಮ್ಮ ಪಟ್ಟಿಯಿಂದ ಮೇಡಂ. ನಾಕು ಜ್ಞಾಪನ, ಒಂದೊಂದಕ್ಕೂ ಮುನ್ನೂರು ಹಾಳೆ, ಅದೂ ಬಣ್ಣದಾಗೆ."

"ಅದನ್ನೇ ಅಳಿಸಿ!"

"ಹೆಂಗ್ರಿ ಅಳಿಸ್ಲಿ? ಅಳಿಸಾಕೆ ಅನುಮತಿ ಬೇಕು. ನಿಮ್ಮ ಪಟ್ಟಿಗೆ ಅನುಮತಿ ಸಿಗೋ ತನಕ ನಿಮ್ಮ ಪಟ್ಟಿ ಅಳಿಸಂಗಿಲ್ಲ."

"ವಾಟ್ಸಾಪ್‌ನಲ್ಲಿ ಕಳಿಸಲಾ?"

"ಅದು ದಾಖಲೆ ಅಲ್ರಿ. ಕಾಗದ ಕಳಿಸ್ರಿ, ಸೀಲು ಒತ್ತಿ ತಗಂತೀನಿ."

ಗಡಿಯಾರದಲ್ಲಿ ಮೂರೂಕಾಲು. ನನ್ನ ಕಣ್ಣು ತುಂಬಿತು. ಟಪಾಲಣ್ಣ ಆಗಷ್ಟೇ ಇಳಿಸಿದ್ದ ಚೀಲ ಮತ್ತೆ ಹೆಗಲಿಗೆ ಹಾಕಿಕೊಂಡು ಕೈ ಚಾಚಿದರು. "ಪ್ರಿಂಟು ಕೊಡ್ರಿ ಮೇಡಮ್ಮೋರೆ. ಮೂರೂವರೆ ಬಸ್ಸೈತೆ." ಕಾಗದ ನಿಲ್ಲಿಸಿದವಳು ನಾನು. ಒಂದಲ್ಲ, ಮೂರು ಪ್ರತಿ ತೆಗೆದು ಕೊಟ್ಟೆ.

ಆಮೇಲೆ ಐದೂಕಾಲಿನವರೆಗೆ ನಾನು ಏನು ಮಾಡಿದೆನೋ ನೆನಪಿಲ್ಲ. ಐದೂಕಾಲಿಗೆ ಫೋನು ಬಂತು. ಬಸ್ಸುಗಳ ಗದ್ದಲದ ನಡುವೆ ಟಪಾಲಣ್ಣನ ದನಿ. "ಬಿತ್ತು ಮೇಡಮ್ಮೋರೆ, ಸೀಲು ಬಿತ್ತು!" ಕಚೇರಿ ಎನ್ನುವುದನ್ನೂ ಮರೆತು ಜೋರಾಗಿ ಅತ್ತೆ.

ಮರುದಿನ ಅವರು ಸೀಲಿನ ಪ್ರತಿಯನ್ನು ನನ್ನ ಮೇಜಿನ ಮೇಲಿಟ್ಟರು. ಹದಿನೈದು ದಿನಕ್ಕೆ ವರ್ಗದ ಆದೇಶವೂ ಬಂತು. ಟಪಾಲು ಯಾತ್ರೆ ಬೇಡವೆಂದಿದ್ದ ನನ್ನ ಹಳೆಯ ಆದೇಶವನ್ನು ನಾನೇ ರದ್ದು ಮಾಡಿದೆ. ಅದನ್ನು ಹಿರಿಯೂರಿಗೆ ಮುಟ್ಟಿಸಿ ಸೀಲು ತರಲು ಟಪಾಲಣ್ಣ ನಗುನಗುತ್ತಾ ಹೊರಟರು.

ಚಿತ್ರದುರ್ಗದ ಕಚೇರಿಯಲ್ಲಿ ನನ್ನ ಕೊನೆಯ ದಿನ, ಕಾದು ಕಾದು ಮರೆತೇಬಿಟ್ಟಿದ್ದ ಇನ್ನೊಂದು ಉತ್ತರ ದಾವಣಗೆರೆಯಿಂದ ಬಂತು. 'ತಮ್ಮ ಪಟ್ಟಿಗೆ ಅನುಮತಿ ನೀಡಲಾಗಿದೆ. ಅಳಿಸಿದ ಪ್ರತಿಯೊಂದು ಮೇಲ್‌ಗೂ, ಅಳಿಸಲಾಗಿದೆ ಎಂದು ಪ್ರತ್ಯೇಕವಾಗಿ ಒಂದೊಂದು ಮೇಲ್ ಕಳಿಸುವುದು.'

ಅದರ ಪ್ರಿಂಟು ತೆಗೆದು, ನನ್ನ ಜಾಗಕ್ಕೆ ಬಂದವರ ಕೈಗೆ ಕೊಟ್ಟು, ಅವರು ಓದಿ ಮುಗಿಸುವ ಮೊದಲೇ ಹೊಳಲ್ಕೆರೆ ಬಸ್ಸು ಹತ್ತಿದೆ.