ಚಕ್ಕುಬಂದಿ ಮಾವನ ಎಲ್‌ಎಲ್‌ಬಿ

ನನ್ನ ಸೋದರಮಾವನಿಗೆ ಚಕ್ಕುಬಂದಿ, ಅಂದರೆ ಜಮೀನಿನ ನಾಲ್ಕು ದಿಕ್ಕಿನ ಎಲ್ಲೆ, ಹೇಳದೆ ಮಾತಾಡಲು ಬರುವುದಿಲ್ಲ. ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ! ಅವರ ಮನೆಯಲ್ಲಿ ಕೂತು, "ಮಾವ, ನನ್ನ ಚಾರ್ಜರ್ ನೋಡಿದ್ರಾ?" ಎಂದು ಕೇಳಿ ನೋಡಿ. "ಪೂರ್ವಕ್ಕೆ ಟಿವಿ, ಪಶ್ಚಿಮಕ್ಕೆ ನಿಮ್ಮತ್ತೆ, ಉತ್ತರಕ್ಕೆ ಅಕ್ಕಿ ಡಬ್ಬ, ದಕ್ಷಿಣಕ್ಕೆ ಓಡಾಡೋ ದಾರಿ. ಇದ್ರ ಮಧ್ಯ ಅದೆ ನೋಡ್ ಕೂಸೇ" ಎನ್ನುತ್ತಾರೆ. ಹೋಗಿ ನೋಡಿದರೆ ಚಾರ್ಜರ್ ಅಲ್ಲೇ ಇರುತ್ತದೆ, ಒಂದಂಗುಲ ಆಚೀಚೆ ಆಗಿರುವುದಿಲ್ಲ. ಅತ್ತೆ ಮಾತ್ರ ರೇಷ್ಮೆ ಮಗ್ಗದಲ್ಲಿ ಕೂತಲ್ಲಿಂದಲೇ, "ನನ್ನೇನು ಬೇಲಿ ಅಂದ್ಕಂಡಿದ್ದೀರಾ?" ಎಂದು ರೇಗುತ್ತಾರೆ.

ಎಲ್ಲಾ ಕಸುಬಿನ ಮಹಿಮೆ. ಕೊಳ್ಳೇಗಾಲದ ನೋಂದಣಿ ಕಚೇರಿಯ ಎದುರು ಒಂದು ಹೊಂಗೆ ಮರ ಇದೆ. ಅದರ ಕೆಳಗೆ ಒಂದು ಮೇಜು, ಒಂದು ಕುರ್ಚಿ, ಗಿರಾಕಿಗಳಿಗೆ ಒಂದು ಬೆಂಚು ಹಾಕಿಕೊಂಡು ಮೂವತ್ತು ವರ್ಷದಿಂದ ಮಾವ ಪತ್ರ ಬರೆಯುತ್ತಿದ್ದಾರೆ. ಕ್ರಯಪತ್ರ, ವಿಭಾಗಪತ್ರ, ಉಯಿಲು, ಕೋರ್ಟಿಗೆ ಹಾಕುವ ಅರ್ಜಿ, ಏನು ಬೇಕಾದರೂ ಸೈ. ಹನೂರು ತಾಲೂಕು ಆಗಿ ಅಲ್ಲೇ ಕಚೇರಿಗಳು ಬಂದರೂ, ಯಳಂದೂರಿನಲ್ಲಿ ಬೇಕಾದಷ್ಟು ಜನ ಬರೆಯುವವರಿದ್ದರೂ, ಎರಡೂ ಕಡೆಯವರು ಬಸ್ಸು ಹತ್ತಿ ಬಂದು "ನಮ್ ರೈಟ್ರೇ ಬರೀಬೇಕು" ಎಂದು ಬೆಂಚಿನ ಮೇಲೆ ಕೂರುತ್ತಾರೆ. ಈ ಭಾಷೆ ಮಾವನ ರಕ್ತದಲ್ಲಿ ಎಷ್ಟು ಸೇರಿಹೋಗಿದೆ ಎಂದರೆ, ಮದುವೆಗೆ ಮುಂಚೆ ಅತ್ತೆಗೆ ಬರೆದ ಒಂದೇ ಒಂದು ಪ್ರೇಮಪತ್ರವೂ "ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ" ಎಂದೇ ಶುರುವಾಗುತ್ತದಂತೆ! ಅತ್ತೆ ಒಪ್ಪಿದ್ದು ಹೇಗೆ ಎಂದು ಕೇಳಿದರೆ, "ಅದು ಪ್ರೇಮಪತ್ರ ಅಂತ ಗೊತ್ತಾಗೋದ್ರೊಳಗೆ ಮದ್ವೆ ಆಗೋಗಿತ್ತು" ಎನ್ನುತ್ತಾರೆ.

ಇಂಥ ಮನುಷ್ಯ ಐವತ್ತೆರಡನೇ ವಯಸ್ಸಿನಲ್ಲಿ ಎಲ್‌ಎಲ್‌ಬಿಗೆ ಸೇರಿದ್ದಕ್ಕೆ ಕಾರಣ ಒಬ್ಬ ನ್ಯಾಯಾಧೀಶರು.

ಅವತ್ತು ಮಾವ ಬರೆದುಕೊಟ್ಟ ಅರ್ಜಿಯೊಂದು ಕೋರ್ಟಿನಲ್ಲಿ ವಿಚಾರಣೆಗೆ ಬಂದಿತ್ತು. ಒಳಗೆ ಹೊಸ ವಕೀಲನೊಬ್ಬ ಅದನ್ನು ಓದುತ್ತಿದ್ದ. ಮಾವ ಎಂದಿನಂತೆ ಕಿಟಕಿಯಾಚೆ ನಿಂತು, ಮಗುವನ್ನು ಸ್ಟೇಜಿಗೆ ಹತ್ತಿಸಿದ ತಾಯಿಯ ಹಾಗೆ ತುಟಿ ಅಲ್ಲಾಡಿಸುತ್ತಾ ಕೇಳುತ್ತಿದ್ದರು. ಆ ಹುಡುಗ ಜಮೀನಿನ ಪಶ್ಚಿಮಕ್ಕಿದ್ದ ಹಳ್ಳವನ್ನು ಪೂರ್ವಕ್ಕೆ ಓದಿಬಿಟ್ಟ. ಮಾವನಿಗೆ ತಡೆಯಲಾಗಲಿಲ್ಲ. "ಪೂರ್ವ ಅಲ್ಲ ಸಾ, ಪಶ್ಚಿಮ!" ಎಂದು ಕಿಟಕಿಯಿಂದ ಕೂಗಿದರು. ಇಡೀ ಕೋರ್ಟ್ ಹಾಲ್ ಕಿಟಕಿಯತ್ತ ತಿರುಗಿತು.

"ಯಾರ್ರೀ ಅದು?" ಎಂದರು ನ್ಯಾಯಾಧೀಶರು.

"ಅದ್ನ ಬರ್ದೋನು ಸಾ."

"ಇಲ್ಲಿ ಮಾತಾಡಬೇಕು ಅಂದ್ರೆ ಕಾನೂನು ಓದಿ, ಕರಿ ಕೋಟು ಹಾಕ್ಕೊಂಡು ಬನ್ನಿ."

ಎಲ್ಲರೂ ನಕ್ಕರು, ನ್ಯಾಯಾಧೀಶರೂ ನಕ್ಕರು. ನಗದೇ ಇದ್ದವರು ಮಾವ ಒಬ್ಬರೇ. ಸಂಜೆ ಮನೆಗೆ ಬಂದು ಗಂಭೀರವಾಗಿ ಘೋಷಿಸಿದರು. "ನ್ಯಾಯಾಲಯದ ಆದೇಶ ಆಗದೆ. ಪಾಲಿಸ್ದೆ ಹೋದ್ರೆ ನಿಂದನೆ ಆಯ್ತದೆ."

ನಾನಾಗ ಮೈಸೂರಿನ ಕಾನೂನು ಕಾಲೇಜಿನಲ್ಲಿ ಐದು ವರ್ಷದ ಕೋರ್ಸಿನ ಎರಡನೇ ವರ್ಷ ಮುಗಿಸಿದ್ದೆ. ಮಾವನನ್ನು ತಡೆಯಲು ಮನೆಯವರೆಲ್ಲ ನನ್ನನ್ನೇ ಕಳಿಸಿದರು. ತಮಾಷೆ ಮಾಡುತ್ತಾ ಶುರು ಮಾಡಿದೆ. ಮಾವ ತಮಾಷೆಗೆ ಸಿಗಲಿಲ್ಲ. "ಮೂವತ್ ವರ್ಷದಿಂದ ನಾನ್ ಬರ್ದಿದ್ನ ಬೇರೆಯೋರೇ ಓದ್ತಾ ಅವ್ರೆ ಕೂಸೇ. ಒಂದೇ ಒಂದ್ಸಲ ನಾನೇ ಒಳಗ್ ನಿಂತ್ಕಂಡು ಓದ್ಬೇಕು. ಅಷ್ಟೇಯ" ಎಂದರು. ತಡೆಯಲು ಹೋದವಳು ಅವರ ಜೊತೆ ಟ್ರಂಕು ತೆರೆಯಲು ಕೂತೆ. ಟ್ರಂಕಿನ ತಳದಿಂದ ಹಳೆಯ ಬಿ.ಎ. ಅಂಕಪಟ್ಟಿ ಹೊರಬಂತು. ಮೂರು ವರ್ಷದ ಎಲ್‌ಎಲ್‌ಬಿಗೆ ಬೇಕಾದಷ್ಟು ಅಂಕ ಅದರಲ್ಲಿ ಹೇಗೋ ಇತ್ತು.

ಕಾಲೇಜಿನ ಕೌಂಟರಿನಲ್ಲಿ ಗುಮಾಸ್ತರು, "ಮಗಳ ಅಡ್ಮಿಷನ್ನಾ ಯಜಮಾನ್ರೇ?" ಎಂದು ಕೇಳಿದರು. "ಇಲ್ಲ ಸಾ, ನಂದೇಯ" ಎಂದ ಮಾವ, ಅರ್ಜಿ ನಮೂನೆಯನ್ನು ಅಲ್ಲೇ ನಿಂತು ಓದಿ, ಅದರಲ್ಲಿ ಮೂರು ತಪ್ಪು ತಿದ್ದಿ, "ಮುಂದಿನ ಸಲ ಪ್ರಿಂಟ್ ಮಾಡ್ಸುವಾಗ ಸರಿ ಮಾಡ್ಸಿ" ಎಂದು ಹಿಂದಿರುಗಿಸಿದರು. ಅಡ್ಮಿಷನ್ ಆದದ್ದು ಪುಣ್ಯ!

ಅಲ್ಲಿಂದ ಶುರುವಾಯಿತು ನೋಡಿ ನನ್ನ ಕಷ್ಟ. ಐದು ವರ್ಷದವರ ಕೊನೆಯ ಮೂರು ವರ್ಷವೂ, ಮೂರು ವರ್ಷದವರ ಮೂರು ವರ್ಷವೂ ಪಾಠ ಒಂದೇ. ಅಂದರೆ ಮಾವ ಮತ್ತು ನಾನು ಒಂದೇ ಪಾಠ, ಒಂದೇ ಪರೀಕ್ಷೆ. ಬೆಳಗಿನ ಮೈಸೂರು ಬಸ್ಸಿನಲ್ಲಿ ಮಾವ ಪಕ್ಕದ ಸೀಟಿನವರಿಗೆಲ್ಲ ವಕೀಲರಾಗುವ ದಾರಿ ಹೇಳುತ್ತಿದ್ದರು. "ಪಿಯುಸಿ ಆದ್ಮೇಲೆ ಸೇರುದ್ರೆ ಐದ್ ವರ್ಷ, ಡಿಗ್ರಿ ಆದ್ಮೇಲೆ ಸೇರುದ್ರೆ ಮೂರ್ ವರ್ಷ. ಆಮೇಲೆ ಎನ್‌ರೋಲ್‌ಮೆಂಟು. ಆಮೇಲೆ ಇಡೀ ಇಂಡಿಯಾಕ್ಕೆ ಒಂದೇ ಪರೀಕ್ಷೆ. ಆಮೇಲೆ ಯಾರಾದ್ರೂ ಸೀನಿಯರ್ ಹತ್ರ ಫೈಲ್ ಹೊರೋದು." ಕೊನೆಕೊನೆಗೆ ಇದು ಕಂಡಕ್ಟರಿಗೂ ಬಾಯಿಪಾಠವಾಗಿ, ಯಾರಾದರೂ ಮಾವನನ್ನು ಪ್ರಶ್ನೆ ಕೇಳಿದರೆ ಅವರೇ ಟಿಕೆಟ್ ಹರಿಯುತ್ತಾ ಉತ್ತರ ಹೇಳಿಬಿಡುತ್ತಿದ್ದರು. "ರೈಟ್ರೆ, ನೀವ್ ಸುಸ್ತಾಗ್ಬೇಡಿ, ನಾನ್ ಹೇಳ್ತೀನಿ."

ಕಾಲೇಜಿನಲ್ಲಿ ಅವರು ನನಗೆ ಮಾವ ಎಂದು ಯಾರಿಗೂ ಹೇಳಬಾರದು ಎಂದು ನಾನು ಮೊದಲ ದಿನವೇ ಕೇಳಿಕೊಂಡೆ. ಯಾಕೆ? ನಾಚಿಕೆ! ಬೇರೆ ಕಾರಣ ಹುಡುಕಿದರೆ ಸುಳ್ಳಾಗುತ್ತದೆ. ಪಂಚೆ ಉಟ್ಟು, ಬಗಲಿಗೆ ಬಟ್ಟೆ ಚೀಲ ನೇತುಹಾಕಿಕೊಂಡು, ಮೊದಲ ಬೆಂಚಿನಲ್ಲಿ ಕೂರುವ ವಿದ್ಯಾರ್ಥಿ ಅವರು. ಮಾವ ಒಪ್ಪಿದರು, ಬೇಸರವನ್ನೂ ಮಾಡಿಕೊಳ್ಳಲಿಲ್ಲ. ಆದರೆ ಕೂಸೇ ಎಂದು ಕರೆಯುವ ಹಾಗಿಲ್ಲವಲ್ಲ, ಹಾಗಾಗಿ ಕಾರಿಡಾರಿನಲ್ಲಿ ಎಲ್ಲರೆದುರು ನನ್ನನ್ನು ನಿಲ್ಲಿಸಿ, "ಮಾನ್ಯರೇ, ತಮ್ಮ ತಾಯಿಯವರು ಪುಳಿಯೋಗರೆ ಕೊಟ್ಟು ಕಳಿಸಿರುತ್ತಾರೆ" ಎನ್ನತೊಡಗಿದರು! ಇದಕ್ಕಿಂತ ಕೂಸೇ ಅನ್ನುವುದೇ ವಾಸಿಯಾಗಿತ್ತು.

ತರಗತಿಯಲ್ಲಿ ಅವರನ್ನು ಕಂಡರೆ ಮೇಷ್ಟರುಗಳಿಗೆ ನಡುಕ. ಆಸ್ತಿ ವರ್ಗಾವಣೆ ಕಾಯ್ದೆ ಹೇಳಿಕೊಡುತ್ತಿದ್ದವರು ಮಾವನಿಗಿಂತ ಇಪ್ಪತ್ತು ವರ್ಷ ಚಿಕ್ಕವರು. ನೋಂದಣಿ ಯಾವಾಗ ಪೂರ್ಣವಾಗುತ್ತದೆ ಎಂದು ಸೊಗಸಾಗಿ ವಿವರಿಸಿ ಮುಗಿಸುತ್ತಿದ್ದಂತೆ ಮಾವ ಎದ್ದು ನಿಂತು, "ಸಾ, ಅಷ್ಟೊತ್ಗೆ ಸರ್ವರ್ ಡೌನ್ ಆದ್ರೆ?" ಎನ್ನುತ್ತಿದ್ದರು.

ಇನ್ನು ಅಣಕು ನ್ಯಾಯಾಲಯ. ಇಬ್ಬರು ಅಣ್ಣತಮ್ಮಂದಿರ ಜಮೀನಿನ ಜಗಳ ಎಂದು ಒಂದು ಕಲ್ಪಿತ ಕೇಸು ಕೊಟ್ಟಿದ್ದರು. ಮಾವ ಅಣ್ಣನ ಕಡೆ, ಇನ್ನೊಬ್ಬ ಹುಡುಗ ತಮ್ಮನ ಕಡೆ. ತೀರ್ಪು ಕೊಡಲು ನಿವೃತ್ತ ನ್ಯಾಯಾಧೀಶರೊಬ್ಬರನ್ನು ಕರೆಸಿದ್ದರು. ಅವರು ಬಂದು ಕೂತು, "ಹೂಂ, ಶುರು ಮಾಡಿ" ಎಂದರು. ಮಾವ ಎದ್ದು ವಿನಯದಿಂದ ಎರಡು ಹಾಳೆ ಮುಂದಿಟ್ಟರು. ರಾಜಿ ಪತ್ರ! ಹಿಂದಿನ ದಿನವೇ ಎದುರಾಳಿ ಹುಡುಗನನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋಗಿ, ವಡೆ ಕೊಡಿಸಿ, ಬಾವಿಯನ್ನು ಇಬ್ಬರಿಗೂ ಸೇರಿಸಿ, ದಾರಿ ಬಿಡಿಸಿ, ಜಗಳ ಬಗೆಹರಿಸಿ ಸೈನು ಹಾಕಿಸಿಕೊಂಡಿದ್ದರು.

"ಕೇಸೇ ಇಲ್ವಲ್ಲ ಹಾಗಾದ್ರೆ?" ಎಂದರು ನಿವೃತ್ತರು.

"ಅಣ್ತಮ್ಮದೀರು ಕೋರ್ಟ್‌ಗ್ಯಾಕ್ ಅಲೀಬೇಕು ಸಾ?" ಎಂದರು ಮಾವ.

ಮೈಸೂರು ಪೇಟ, ಹಾರ ಎಲ್ಲ ತರಿಸಿದ್ದ ಕಾರ್ಯಕ್ರಮ ಏಳು ನಿಮಿಷದಲ್ಲಿ ಮುಗಿಯಿತು.

ಇಷ್ಟೆಲ್ಲ ಆದರೂ ಮಾವ ಒಂದು ವಿಷಯದಲ್ಲೂ ಫೇಲಾಗದೆ ಕೊನೆಯ ಸೆಮಿಸ್ಟರಿಗೆ ಬಂದರು. ಅತ್ತೆ ಕೋಟಿಗೆ ಕರಿ ಬಟ್ಟೆಯನ್ನೂ ತಂದಿಟ್ಟಿದ್ದರು. ಕಟ್ಟಕಡೆಯ ಪರೀಕ್ಷೆ, ದಸ್ತಾವೇಜು ಬರೆಯುವ ಪತ್ರಿಕೆ. ಮೂವತ್ತು ವರ್ಷ ಅದನ್ನೇ ಮಾಡಿದವರಿಗೆ ಅದೊಂದು ಪರೀಕ್ಷೆಯೇ? ಪರೀಕ್ಷಾ ಕೊಠಡಿಯಲ್ಲಿ ಮಾವನ ಜಾಗ ನನ್ನ ಪಕ್ಕದ ಸಾಲಿನಲ್ಲೇ ಬಿದ್ದಿತ್ತು. ಪ್ರಶ್ನೆ ಪತ್ರಿಕೆ ಬಂತು. "ಎ ಎಂಬುವವನು ಬಿ ಎಂಬುವವನಿಗೆ ಜಮೀನು ಮಾರುತ್ತಾನೆ. ಕ್ರಯಪತ್ರ ರಚಿಸಿ."

ಮಾವ ಅದನ್ನು ಓದಿ ಮುಖ ಸಿಂಡರಿಸಿದ್ದು ನನಗೆ ಕಂಡಿತು. ಆಮೇಲೆ ಅವರೇ ಹೇಳಿದ್ದು, "ಎ ಅನ್ನೋನ್ಗೆ ಅಪ್ಪ ಇಲ್ಲ, ವಯಸ್ಸಿಲ್ಲ, ಊರಿಲ್ಲ! ಅಂಥೋನ್ ಜಮೀನ ಯಾವನ್ ತಕಂತನೆ ಕೂಸೇ?" ಹಾಗಾಗಿ ಎ ಎಂಬುವವನಿಗೆ ಹನೂರಿನ ಪಕ್ಕ ಒಂದು ಹಳ್ಳಿ ಕೊಟ್ಟರು, ತಂದೆಯನ್ನು ಕೊಟ್ಟರು, ಜಮೀನು ಮಾರಲು ಮಗಳ ಮದುವೆಯ ಕಾರಣ ಕೊಟ್ಟರು. ಉತ್ತರಕ್ಕೆ ಒಡೆಯರಪಾಳ್ಯದ ಕಡೆ ಹೋಗುವ ರಸ್ತೆ ಹಾಸಿದರು. ಹೆಚ್ಚುವರಿ ಹಾಳೆ ಕೇಳಿ ಪಡೆದರು. ಅಲ್ಲಿಗೆ ನಿಲ್ಲಿಸಿದ್ದರೆ ಚಿನ್ನದ ಪದಕವೇ ಬರುತ್ತಿತ್ತೇನೋ! ಆದರೆ ಸಾಕ್ಷಿಗಳಿಲ್ಲದ ಕ್ರಯಪತ್ರವನ್ನು ಅವರು ಜನ್ಮದಲ್ಲೇ ಕೈಯಿಂದ ಹೊರಗೆ ಬಿಟ್ಟವರಲ್ಲ.

"ಮಾನ್ಯರೇ," ಎಂದು ಪಿಸುಗುಟ್ಟಿ, ಹಾಳೆಯನ್ನು ನನ್ನತ್ತ ಚಾಚಿದರು. "ಸಾಕ್ಷಿ."

ನಾನು ಹಾಕಿಬಿಟ್ಟೆ. ನಂಬುತ್ತೀರಾ? ಹದಿನೆಂಟು ತುಂಬಿದಾಗಿನಿಂದ ಆ ಹೊಂಗೆ ಮರದ ಕೆಳಗೆ ಮಾವ ಹಾಳೆ ಚಾಚಿದಾಗಲೆಲ್ಲ ಸಾಕ್ಷಿ ಹಾಕಿದ ಕೈ ಅದು. ನಾನು ಯೋಚಿಸುವಷ್ಟರಲ್ಲಿ ಅದು ತನ್ನ ಕೆಲಸ ಮುಗಿಸಿತ್ತು. ರೂಢಿ ಪ್ರಕಾರ ಸಾಕ್ಷಿಗಳು ಇಬ್ಬರು ಬೇಕು. ಮಾವ ಸುತ್ತ ನೋಡಿ, ನಮ್ಮ ಮೇಲ್ವಿಚಾರಕರನ್ನೇ ಕೈಸನ್ನೆ ಮಾಡಿ ಕರೆದರು.

"ಸಾ, ಇಲ್ಲೊಂದು ಸೈನ್ ಹಾಕಿ."

"ಆಗ್ಲೇ ಮೊದಲ್ನೇ ಪುಟದಲ್ಲಿ ಹಾಕಿದೀನಲ್ರೀ."

"ಅದ್ ಬ್ಯಾರೆ ಸಾ. ಇದು ಸಾಕ್ಷಿ ಸೈನು."

ಮೇಲ್ವಿಚಾರಕರು ಹಾಳೆ ಎತ್ತಿಕೊಂಡು ನೋಡಿದರು. ಕೊನೆಯಲ್ಲಿ ಪತ್ರ ಬರೆದವರು ರುಜು ಮಾಡುವ ಜಾಗದಲ್ಲಿ, ಬಿಕ್ಕಲಂ ಎಂದು ಬರೆದು, ಮಾವ ತಮ್ಮ ಪೂರ್ತಿ ಹೆಸರು, ಲೈಸೆನ್ಸ್ ನಂಬರು, ಮರದ ಕೆಳಗಿನ ವಿಳಾಸ ಸಮೇತ ದುಂಡಗೆ ಸಹಿ ಹಾಕಿದ್ದರು. ಉತ್ತರ ಪತ್ರಿಕೆಯಲ್ಲಿ ಹೆಸರು ಬರೆದರೆ ಅಕ್ರಮ. ಪಕ್ಕದವರ ಕೈಬರಹ ಇದ್ದರೆ ಮಹಾ ಅಕ್ರಮ. ನಮ್ಮಿಬ್ಬರನ್ನೂ ಎಬ್ಬಿಸಿದರು.

ವಾರದ ನಂತರ ವಿಚಾರಣಾ ಸಮಿತಿ. ಉದ್ದ ಮೇಜಿನಾಚೆ ಮೂವರು. ಅಧ್ಯಕ್ಷರು ನನ್ನ ಸಹಿಯ ಮೇಲೆ ಬೆರಳಿಟ್ಟು, "ಇಬ್ಬರೂ ಕೂಡಿ ಮಾಡಿದ್ದಾದರೆ ಇಬ್ಬರ ಪರೀಕ್ಷೆಯೂ ರದ್ದು" ಎಂದರು. ಆಮೇಲೆ ಮಾವನತ್ತ ತಿರುಗಿ, "ಈ ಹುಡುಗಿ ನಿಮಗೆ ಏನಾಗಬೇಕು?" ಎಂದು ಕೇಳಿದರು.

ಮಾವ ನನ್ನ ಕಡೆ ನೋಡಿದರು. ನಾನು ನೆಲ ನೋಡುತ್ತಿದ್ದೆ.

"ಏನೂ ಆಗ್ಬೇಕಿಲ್ಲ ಸಾ. ಮುಖ ಪರಿಚಯಾನೂ ಇಲ್ಲ. ಪಕ್ಕದಲ್ ಕೂತಿದ್ರು, ನಾನೇ ಬಲವಂತ ಮಾಡ್ದೆ. ಪಾಪ, ಹೆದ್ರಕಂಡು ಹಾಕ್ಬುಟ್ರು."

ಎಷ್ಟೋ ಜನ ಕೈತುಂಬ ದುಡ್ಡು ತಂದು ಒಂದು ಸುಳ್ಳು ವಾಕ್ಯ ಬರೆಯಿರಿ ಎಂದಾಗ ಪೆನ್ನಿನ ಕ್ಯಾಪು ಮುಚ್ಚಿ ಎದ್ದು ಹೋದ ಮನುಷ್ಯ ಇವರು. ನನಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ಮಾವನ ಇಡೀ ಸೆಮಿಸ್ಟರ್ ರದ್ದಾಯಿತು, ಇನ್ನೊಂದು ವರ್ಷ ಕಾಯಬೇಕಾಯಿತು. ಇವರು ನನ್ನ ಮಾವ ಎಂದು ನಾನು ಅಲ್ಲಿ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ನನ್ನ ವರ್ಷವೂ ಹೋಗುತ್ತಿತ್ತು, ಅಷ್ಟೇ. ವಾಪಸು ಬಸ್ಸಿನಲ್ಲಿ ಟಿ. ನರಸೀಪುರದವರೆಗೂ ನಾನು ಅಳುತ್ತಲೇ ಇದ್ದೆ. "ಅಳ್ಬ್ಯಾಡ ಕಣ್ ಕೂಸೇ," ಎಂದರು ಮಾವ. "ಆ ಕ್ರಯಪತ್ರದಲ್ಲಿ ಒಂದಕ್ಷರ ತಪ್ಪಿಲ್ಲ. ತಕಂಡೋಗಿ ಹಂಗೇ ರಿಜಿಸ್ಟ್ರಿ ಮಾಡ್ಸ್‌ಬೋದು."

ನಾನು ಕೋಟು ಹಾಕಿಕೊಂಡು ಕೊಳ್ಳೇಗಾಲದಲ್ಲೇ ಒಬ್ಬ ಸೀನಿಯರ್ ಆಫೀಸಿಗೆ ಸೇರಿದೆ. ದಿನಾ ಕೋರ್ಟಿನೊಳಗೆ ಹೋಗುವಾಗ ಆ ಮರದ ಮುಂದೆಯೇ ಹೋಗಬೇಕು. ಮಾವ ಕೈ ಎತ್ತಿ ನಗುತ್ತಿದ್ದರು. ನನಗೆ ಆ ನಗುವನ್ನು ನೇರವಾಗಿ ನೋಡಲು ಆಗುತ್ತಿರಲಿಲ್ಲ. ಮಾರನೇ ವರ್ಷ ಮಾವ ಎಲ್ಲ ಪತ್ರಿಕೆಗಳನ್ನೂ ಮತ್ತೆ ಬರೆದರು. ಅಪ್ಪ ಇಲ್ಲದ, ಊರಿಲ್ಲದ ಎ ಮತ್ತು ಬಿಗಳನ್ನು ಹಾಗೆಯೇ ಅನಾಥರನ್ನಾಗಿ ಬಿಟ್ಟು, ಸಾಕ್ಷಿಯ ಜಾಗ ಖಾಲಿ ಇಟ್ಟು, ಪಾಸಾದರು.

ಹೋದ ತಿಂಗಳು ಒಂದು ಮಧ್ಯಾಹ್ನ ಅವರು ನಮ್ಮ ಆಫೀಸಿಗೆ ಬಂದರು. ಸೀನಿಯರ್ ಇದ್ದರು, ಗುಮಾಸ್ತರಿದ್ದರು, ನಾಲ್ಕೈದು ಕಕ್ಷಿದಾರರೂ ಇದ್ದರು. ಮಾವನ ಕೈಯಲ್ಲಿ ಎನ್‌ರೋಲ್‌ಮೆಂಟ್ ಅರ್ಜಿ. ಜೊತೆಗೆ ವಕೀಲರೊಬ್ಬರಿಂದ ನಡತೆ ಪತ್ರ ಬೇಕಿತ್ತು. ಕೇಳಿದರೆ ಊರಿನ ಯಾವ ವಕೀಲರೂ ಓಡಿಬಂದು ಬರೆದುಕೊಡುತ್ತಿದ್ದರು. ಮಾವ ನನ್ನ ಮೇಜಿನ ಮುಂದೆ ನಿಂತು, ಅಷ್ಟು ಜನರೆದುರು, "ಮಾನ್ಯರೇ, ತಾವೊಂದು ಸೈನ್ ಮಾಡ್ಕೊಟ್ರೆ..." ಎಂದರು.

ನಮೂನೆ ತೆಗೆದುಕೊಂಡೆ. ಮೊದಲ ವಾಕ್ಯವೇ, "ಅರ್ಜಿದಾರರನ್ನು ನಾನು ........ ವರ್ಷಗಳಿಂದ ವೈಯಕ್ತಿಕವಾಗಿ ಬಲ್ಲೆನು."

ಪೆನ್ನು ಅಲ್ಲಿಗೆ ಬಂದು ನಿಂತುಬಿಟ್ಟಿತು. ಅಕ್ಷರಗಳು ಕಲಸಿಕೊಂಡವು. ಹೇಗೋ ಇಪ್ಪತ್ತನಾಲ್ಕು ಎಂದು ತುಂಬಿಸಿದೆ. ಮಾವ ಬಗ್ಗಿ ನೋಡಿ, ಮೆಲ್ಲಗೆ ಅಂದರು. "ಇಪ್ಪತ್ನಾಲ್ಕು ವರ್ಷ ಏಳ್ ತಿಂಗ್ಳು. ಯಳಂದೂರು ಆಸ್ಪತ್ರೇಲಿ ನಿನ್ನ ಮೊದ್ಲು ಎತ್ಕಂಡೋನು ನಾನೇಯ. ನಿನ್ ಜನನ ಪತ್ರದ ಅರ್ಜಿ ಬರ್ದೋನೂ ನಾನೇಯ."

ನಾನು ಏಳು ತಿಂಗಳನ್ನೂ ಸೇರಿಸಿದೆ. ಕೆಳಗೆ, ಯಾರೂ ಕೇಳದಿದ್ದ ಜಾಗದಲ್ಲಿ, "ಇವರು ನನ್ನ ಸ್ವಂತ ಸೋದರಮಾವ" ಎಂದು ಬರೆದು ಸಹಿ ಹಾಕಿದೆ.

"ಸಂಬಂಧ ಬರಿಯಾಕೆ ಕಾಲಂ ಇಲ್ವಲ್ಲ ಕೂಸೇ" ಎಂದರು ಮಾವ.

"ಇರ್ಲಿ ಬುಡಿ ಮಾವ" ಎಂದೆ, ಇಡೀ ಆಫೀಸಿಗೆ ಕೇಳುವಷ್ಟು ಜೋರಾಗಿ.

ಸಮಿತಿಯ ಮುಂದೆ ಆಡಬೇಕಾಗಿದ್ದ ಮಾತು ಅದು, ಒಂದು ವರ್ಷ ತಡವಾಗಿ ಬಂತು. ಮಾವ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡರು, ಹಾಕಿಕೊಂಡರು, ಮತ್ತೆ ತೆಗೆದರು. ಆ ಹಾಳೆಯನ್ನು ಎರಡು ಸಲ ಓದಿದರು, ಒಂದಕ್ಷರವನ್ನೂ ತಿದ್ದಲಿಲ್ಲ.