ಸಪ್ಪಳವಿಲ್ಲದ ಸ್ವಿಚ್ಚು

ಧೈರ್ಯವಂತರು ಒಂದು ಸಲ ಮಾಡಿ ಮುಗಿಸುವ ಕೆಲಸವನ್ನು ನಾನು ಮೂರು ಸಲ ಮಾಡುತ್ತೇನೆ. ಬೀಗ ಹಾಕಿ ಮೂರು ಸಲ ಜಗ್ಗುತ್ತೇನೆ, ಗ್ಯಾಸ್ ಆರಿಸಿ ಮೂರು ಸಲ ತಿರುವಿ ನೋಡುತ್ತೇನೆ. ಒಮ್ಮೆ ಅಫಜಲಪುರದ ತಂಗಿಯ ಮನೆಗೆ ಹೊರಟವಳು ಬಸ್ಸು ಊರು ದಾಟಿದ ಮೇಲೆ ಇಳಿದು, ಇಸ್ತ್ರಿಪೆಟ್ಟಿಗೆ ಆರಿಸಿದೆನೋ ಇಲ್ಲವೋ ನೋಡಲು ಮನೆಗೆ ನಡೆದುಕೊಂಡು ಬಂದಿದ್ದೆ. ಆರಿಸಿದ್ದಷ್ಟೇ ಅಲ್ಲ, ಅದನ್ನು ಕಪಾಟಿನೊಳಗಿಟ್ಟು ಕೀಲಿಯನ್ನೂ ಹಾಕಿದ್ದೆ. ಇಂಥ ನಾನು ಆಳಂದದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಕರೆಂಟಿನ ಪಾಠವನ್ನು ಬೋರ್ಡಿನ ಮೇಲೆ ನಿರ್ಭಯವಾಗಿ ಮಾಡುತ್ತೇನೆ. ಸೀಮೆಸುಣ್ಣ ಶಾಕ್ ಹೊಡೆಯುವುದಿಲ್ಲವಲ್ಲ.

ನಮ್ಮೂರಿಗೆ ರೈಲಿಲ್ಲ. ಆ ಕೊರತೆಯನ್ನು ನಾನು ನಮ್ಮ ಪ್ರಯೋಗಾಲಯದಲ್ಲಿ ಎರಡು ಪ್ಲೈವುಡ್ ಹಲಗೆಗಳ ಮೇಲೆ ತುಂಬಿಕೊಟ್ಟಿದ್ದೇನೆ. ಅಲ್ಲಿ ಗೇಣುದ್ದದ ಎಂಜಿನ್ನುಗಳ ಎರಡು ಆಟದ ರೈಲುಗಳಿವೆ, ಭೀಮಾ ನದಿಯಿದೆ, ಘತ್ತರಗಿಯೆಂಬ ಸ್ಟೇಷನ್ನಿದೆ. ನದಿಯ ಸೇತುವೆಯ ಮೇಲೆ ಇರುವುದು ಒಂದೇ ಹಳಿ. ಒಂದು ರೈಲು ದಾಟುವವರೆಗೆ ಇನ್ನೊಂದು ಘತ್ತರಗಿಯಲ್ಲಿ ಕಾಯಬೇಕು. ಕಾಯಿಸುವುದಕ್ಕೆ ಒಂದು ಸ್ವಿಚ್ಚು, ಹಳಿ ತಿರುಗಿಸುವುದಕ್ಕೆ ಒಂದು ಗುಂಡಿ. ಒತ್ತಿದರೆ ಟಕ್ ಎನ್ನುತ್ತಿದ್ದವು. ಆ ಟಕ್ ಕೇಳಿದರೆ ನನಗೆ ಸಮಾಧಾನ. ಮೂರು ಟಕ್ ಕೇಳಿದರೆ ಪೂರ್ಣ ಸಮಾಧಾನ.

ಕಾಲೇಜಿನ ಹಿಂದೆ ತೊಗರಿಬೇಳೆಯ ಮಿಲ್ಲಿದೆ. ವರ್ಷಗಟ್ಟಲೆ ಅದರ ಧೂಳು ಸ್ವಿಚ್ಚುಗಳ ಹೊಟ್ಟೆ ಸೇರಿತು. ಒಂದು ದಿನ ಹಳಿ ತಿರುಗಿಸುವ ಗುಂಡಿ ಒತ್ತಿದ್ದು ಒತ್ತಿದಂತೆಯೇ ಸಿಕ್ಕಿಕೊಂಡಿತು. ಕರೆಂಟು ನಿಲ್ಲದೆ ಹರಿದು ಒಳಗಿನ ತಂತಿಸುರುಳಿ ಸುಟ್ಟು ಹೊಗೆ ಎದ್ದಿತು. ನಾನು ಮೂಲೆಯಲ್ಲಿದ್ದ ಕೆಂಪು ಬಕೆಟ್ಟಿನ ಮರಳನ್ನೆಲ್ಲ ಸುರಿದೆ. ಹೊಗೆ ನಿಂತಿತು, ಘತ್ತರಗಿ ಮರಳಿನಡಿ ಹೂತುಹೋಯಿತು.

ಪ್ರಿನ್ಸಿಪಾಲರು ಬಂದು ಮೂಗು ಮುಚ್ಚಿಕೊಂಡು ನೋಡಿದರು. "ಮೇಡಂ, ಶುಕ್ರವಾರ ಇಲಾಖೆ ಸಾಹೇಬ್ರು ತಪಾಸಣಿಗೆ ಬರ್ತಾರ. ಅವತ್ತು ಸರಿ ನಡೀತಂದ್ರ ಇರ್ಲಿ. ಮತ್ತೇನರ ಗಡಬಡ ಆತಂದ್ರ ನಿಮ್ಮ ರೈಲು ಗೋದಾಮಿಗೆ ಹೋಗ್ತದ ನೋಡ್ರಿ" ಎಂದರು. ಹಲಗೆಗಳಿಗೆ ನನ್ನ ಎಷ್ಟೋ ಬೇಸಿಗೆ ರಜೆಗಳು ಹೋಗಿದ್ದವು. ಅಂದು ನನಗೆ ಊಟ ಸೇರಲಿಲ್ಲ.

ಉಳಿಸಲು ಮುಂದೆ ಬಂದವಳು ಎಲೆಕ್ಟ್ರಾನಿಕ್ಸ್ ಕಲಿಸುವ ನಿರ್ಮಲಾ. ಜೇವರ್ಗಿಯವಳು, ವಯಸ್ಸಿನಲ್ಲಿ ಕಿರಿಯಳು, ಹೆದರಿಕೆಯೆಂದರೆ ಏನೆಂದು ತಿಳಿಯದವಳು.

"ಈ ಹಳೇ ಸ್ವಿಚ್ ಎಲ್ಲಾ ಕಿತ್ತು ಟ್ರಾನ್ಸಿಸ್ಟರ್ ಹಾಕೂಣಕ್ಕಾ. ಒಳಗ ಅಲ್ಲಾಡೂದು ಏನೂ ಇರಂಗಿಲ್ಲ, ಸವೆಯಂಗಿಲ್ಲ, ಧೂಳು ಏನೂ ಮಾಡಂಗಿಲ್ಲ. ನೀವು ದಿನ ಪೂರಾ ಗುಂಡಿ ಮ್ಯಾಲೆ ಬಟ್ಟು ಇಟ್ಕೊಂಡು ನಿಂತ್ರೂ ಸುರುಳಿಗೆ ಒಂದು ಚಣ ಅಷ್ಟೇ ಕರೆಂಟ್ ಹೋಗ್ತದ."

"ಟಕ್ ಅಂತದೇನ?"

"ಇಲ್ಲಕ್ಕಾ, ಸಪ್ಪಳಾನೇ ಇಲ್ಲ."

ಬಂದ್ ಆಗಿದೆ ಎಂದು ಬಾಯಿಬಿಟ್ಟು ಹೇಳದ ಸ್ವಿಚ್ಚನ್ನು ನಂಬುವುದು ಹೇಗೆ?

ಎರಡು ದಿನ ಅವಳು ಬೆಸುಗೆ ಹಾಕಿದಳು, ನಾನು ದೂರ ನಿಂತು ಗಾಳಿ ಬೀಸಿದೆ. ಸ್ವಿಚ್ಚುಗಳಿದ್ದಲ್ಲಿ ನಾಣ್ಯದಷ್ಟಗಲದ ತಗಡಿನ ಬಿಲ್ಲೆಗಳು ಬಂದವು. ಒಮ್ಮೆ ಮುಟ್ಟಿದರೆ ಘತ್ತರಗಿಯ ರೈಲು ನಿಲ್ಲುತ್ತದೆ, ಕೆಂಪು ದೀಪ ಹತ್ತುತ್ತದೆ. ಇನ್ನೊಮ್ಮೆ ಮುಟ್ಟಿದರೆ ಹೊರಡುತ್ತದೆ, ಹಸಿರು. "ದೀಪ ನೋಡ್ರಿ ಸಾಕು, ಫಿಕರ್ ಮಾಡಬ್ಯಾಡ್ರಿ" ಎಂದಳು. ಆದರೆ ನನ್ನ ಭಯವಿರುವುದು ಕಣ್ಣಿನಲ್ಲಲ್ಲ, ಕೈಯಲ್ಲಿ.

ಶುಕ್ರವಾರ ಸಾಹೇಬರು ಬಂದರು. ಬೆವರಿದ ಬೆರಳಿನಿಂದ ಬಿಲ್ಲೆ ಮುಟ್ಟಿದೆ. ಘತ್ತರಗಿಯ ರೈಲು ನಿಂತಿತು, ಇನ್ನೊಂದು ಸೇತುವೆ ಏರಿತು. ನಿಂತದ್ದನ್ನು ಕಣ್ಣಾರೆ ಕಂಡರೂ ಟಕ್ ಕೇಳಿಸದ ಕೈ ಸುಮ್ಮನಿರಲಿಲ್ಲ. ಖಾತ್ರಿಗೆಂದು ಇನ್ನೊಮ್ಮೆ ಮುಟ್ಟಿತು. ಮೂರನೆಯ ಸಲವೂ ಮುಟ್ಟಿದ್ದರೆ ಎಲ್ಲ ಸರಿಯಾಗಿರುತ್ತಿತ್ತು. ಅಷ್ಟರಲ್ಲಿ ಪ್ರಿನ್ಸಿಪಾಲರು, "ಮೇಡಂ, ಯಾಕ ಇಷ್ಟು ಬೆವರಾಕತ್ತೀರಿ?" ಎಂದರು. ನಾನು ಅತ್ತ ತಿರುಗಿದೆ.

"ಅಕ್ಕಾ, ಹಸಿರು!" ನಿರ್ಮಲಾ ಕೂಗಿದಳು.

ಘತ್ತರಗಿಯ ರೈಲು ಹೊರಟು ಸೇತುವೆಯ ಮೇಲಿತ್ತು. ಎದುರಿನಿಂದ ಇನ್ನೊಂದು ಬರುತ್ತಿತ್ತು. ನನಗೆ ಬಿಲ್ಲೆ ನೆನಪಾಗಲಿಲ್ಲ, ಮೇನ್ ಸ್ವಿಚ್ಚೂ ನೆನಪಾಗಲಿಲ್ಲ. ನಡುವೆ ನನ್ನ ಕೈಯನ್ನೇ ಇಟ್ಟುಬಿಟ್ಟೆ. ಒಂದು ಎಂಜಿನ್ನು ಬಳೆಗಳಿಗೆ ಬಡಿದು ನಿಂತಿತು, ಇನ್ನೊಂದು ಮುಂಗೈ ಏರಿ ಚಕ್ರ ತಿರುಗಿಸುತ್ತ ಕೂತಿತು. ನನ್ನ ಕಣ್ಣಿನಲ್ಲಿ ಗೋದಾಮಿನ ಬಾಗಿಲು ತೆರೆಯುತ್ತಿತ್ತು.

ಸಾಹೇಬರು ಕನ್ನಡಕ ತೆಗೆದು ಹಲಗೆಯ ಹತ್ತಿರ ಬಾಗಿದರು. "ನಾ ಒಮ್ಮೆ ನಡಸ್ಲೇನ್ರಿ?" ಎಂದು ಕೇಳಿದರು. ಮಕ್ಕಳ ಹಾಗೆ ಕೇಳಿದರು. ನಿರ್ಮಲಾ ರೈಲುಗಳನ್ನು ಮತ್ತೆ ಹಳಿಗೆ ಕೂರಿಸಿದಳು. ಅವರು ಬಿಲ್ಲೆಯನ್ನು ಒಂದೇ ಒಂದು ಸಲ ಮುಟ್ಟಿ ಕೈ ತೆಗೆದರು. ನಾನು ಕಣ್ಣು ಮುಚ್ಚಿದೆ.

"ಕಣ್ಣ ತಗೀರಿ ಮೇಡಂ. ಅದು ದಾಟಿ ಹೋತು, ಇದು ನಿಂತದ" ಎಂದದ್ದು ಪ್ರಿನ್ಸಿಪಾಲರು. ಸಾಹೇಬರು ಇನ್ನೂ ನಾಲ್ಕು ಸುತ್ತು ಓಡಿಸಿದರು, ಚಹಾ ಆರಿಹೋಯಿತು, ಗೋದಾಮಿನ ಮಾತು ಯಾರೂ ಎತ್ತಲಿಲ್ಲ.

ಈಗ ನಾನೂ ಒಂದೇ ಸಲ ಮುಟ್ಟುತ್ತೇನೆ. ಮುಟ್ಟಿದ ತಕ್ಷಣ ಎರಡೂ ಕೈಗಳನ್ನು ಬೆನ್ನ ಹಿಂದೆ ಒಯ್ದು, ಒಂದರಿಂದ ಇನ್ನೊಂದನ್ನು ಬಿಗಿಯಾಗಿ ಹಿಡಿದುಕೊಂಡು, ಉಸಿರು ಬಿಗಿಹಿಡಿದು ನೆಟ್ಟಗೆ ನಿಲ್ಲುತ್ತೇನೆ. ಮೊನ್ನೆ ಪ್ರಿನ್ಸಿಪಾಲರು ಹೊಸ ಉಪನ್ಯಾಸಕರಿಗೆ ನನ್ನನ್ನು ತೋರಿಸಿ ಹೇಳುತ್ತಿದ್ದರು: "ನೋಡ್ರಿ, ಮೇಡಂ ಹೆಂಗ ನಿಂತಾರ! ಇಷ್ಟು ಧೈರ್ಯ ಇರಬೇಕ್ರಿ ಮನುಷ್ಯಾಗ."